ನನ್ನಿಂದ ಯಾರಿಗೆ ಏನಾಗಬೇಕಿದೆ?

(ಹೂವಿನಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಏರ್ಪಡಿಸಿದ್ದ ಹಾಲು ಉತ್ಪಾದಕ ಸದಸ್ಯರ ತಿಳಿವಳಿಕೆ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದಿದ್ದ ಸದಸ್ಯರ ಅನುಕೂಲಕ್ಕಾಗಿ ಪ್ರಕಟಿಸಲಾಗಿದೆ.)



ಬೇಸಿಗೆಯಲ್ಲಿ ಹಸಿರು ಮೇವು ಒದಗಿಸಿಕೊಳ್ಳುವ ವಿಧಾನದ ಬಗ್ಗೆ ನಾನು ಮಾತನಾಡುತ್ತೇನೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಆ ವಿಷಯವನ್ನು ಬರೆದು ಪತ್ರಿಕೆಗೆ ಕೊಟ್ಟಿದ್ದೇನೆ, ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಈ ದಿನ ಬೇರೊಂದು ಮಾತು ಆಡಬೇಕೆಂದಿದ್ದೇನೆ. ಅಧ್ಯಕ್ಷರ ಅಪ್ಪಣೆ ಪಡೆದಿದ್ದೇನೆ. ಪ್ರವಚನ ಕೇಳಲು ನಮ್ಮ ಭಾಗದಲ್ಲಿ ಮಠಗಳಿಗೆ ಕೊರತೆಯಿಲ್ಲ, ದನದ ಡಾಕ್ಟರು ಆ ಕೆಲಸಕ್ಕೆ ಇಳಿಯಬಾರದು ಎಂಬುದು ನನಗೂ ಗೊತ್ತು. ಆದರೆ ಲಸಿಕೆ ಹಾಕುತ್ತಾ ಮನೆ ಮನೆ ತಿರುಗಿದ ಒಂದೇ ವಾರದಲ್ಲಿ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಮೂವರ ಮಾತೂ ಬೇರೆ ಬೇರೆ, ಒಳಗಿನ ತಿರುಳು ಒಂದೇ. ಬಾಳಿಗೊಂದು ಅರ್ಥ ಯಾವುದು ಎಂದು ಅವರು ಕೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಇದನ್ನು ಬಾಯಿಬಿಟ್ಟೋ ಬಾಯಿಬಿಡದೆಯೋ ಕೇಳುತ್ತಿರಬಹುದು.

ಮೊದಲನೆಯವರು ಎಪ್ಪತ್ತು ದಾಟಿದ ಹಿರಿಯರು. ಮೂರು ವರ್ಷದ ಹಿಂದೆ ಮಕ್ಕಳು ಜೋಡೆತ್ತು ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ಹೊಂದಿಕೊಂಡರು. ಮಕ್ಕಳು ಒಳ್ಳೆಯವರೇ. ಅಪ್ಪನಿಗೆ ಹೊಸ ಮಂಚ ತಂದರು, ಹೊತ್ತು ಹೊತ್ತಿಗೆ ಚಹಾ ಕೊಡುತ್ತಾರೆ, “ನೀ ಏನೂ ಮಾಡಬ್ಯಾಡಪ್ಪ, ಸುಮ್ನ ಕುಂದ್ರು” ಎನ್ನುತ್ತಾರೆ. ಆ ಯಜಮಾನರು ನನಗೆ ಹೇಳಿದ್ದಿಷ್ಟು: “ಎತ್ತು ಇರೋತನಕ ನಾನು ಮನುಷ್ಯಾ ಆಗಿದ್ದೆ ಡಾಕ್ಟ್ರೇ. ಈಗ ಇದ್ರೂ ಅಷ್ಟ, ಹೋದ್ರೂ ಅಷ್ಟ.”

ಎರಡನೆಯವನು ಬಿ.ಎ. ಮುಗಿಸಿದ ಹುಡುಗ. ಸರ್ಕಾರಿ ನೌಕರಿಯ ಪರೀಕ್ಷೆಗಳನ್ನು ಮೂರು ಸಲ ಬರೆದಿದ್ದಾನೆ. ಬೆಳಿಗ್ಗೆ ಅವರವ್ವ ಸಂಘಕ್ಕೆ ಹಾಲು ಹಾಕಿ ಬರುವ ಹೊತ್ತಿಗೆ ಇವನು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತಿರುತ್ತಾನೆ. “ನಾನು ಏನರ ಆಗ್ತೀನಿ ಅಂತ ಮನಿಯವರು ಕಾಯಾಕತ್ತ್ಯಾರ ಸರ್. ನನಗ ಏನಾಗಬೇಕು ಅನ್ನೋದ ತಿಳಿವಲ್ದು” ಎಂದ.

ಮೂರನೆಯವರು ಎರಡು ಎಮ್ಮೆ, ಒಂದು ಮಿಶ್ರತಳಿ ಆಕಳು ಕಟ್ಟಿಕೊಂಡಿರುವ ತಾಯಿ. ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸಿದ್ದಾರೆ. “ಹೊತ್ತು ಹುಟ್ಟಿದ್ರ ಸಗಣಿ, ಹೊತ್ತು ಮುಳುಗಿದ್ರ ಹಾಲು. ಇಷ್ಟಕ್ಕ ಹುಟ್ಟಿ ಬಂದೀವೇನ್ರಿ?” ಎಂದು ಅವರು ನಗುತ್ತಲೇ ಕೇಳಿದರು. ನಗುತ್ತಾ ಕೇಳಿದ ಪ್ರಶ್ನೆಯೆಂದು ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಒಬ್ಬರಿಗೆ ಕೆಲಸವಿಲ್ಲದ್ದು ಕಷ್ಟ, ಇನ್ನೊಬ್ಬರಿಗೆ ಕೆಲಸ ಬಿಟ್ಟು ಬೇರೇನೂ ಇಲ್ಲದ್ದು ಕಷ್ಟ. ಹುಡುಗನದು ಇವೆರಡರ ನಡುವೆ ಸಿಕ್ಕಿಕೊಂಡ ಸ್ಥಿತಿ. ಹಾಗಾಗಿ “ದುಡಿಯಿರಿ, ಎಲ್ಲ ಸರಿಹೋಗುತ್ತದೆ” ಎಂಬ ಒಂದೇ ಔಷಧವನ್ನು ಮೂವರಿಗೂ ಕೊಡಲು ಬರುವುದಿಲ್ಲ.

ಈ ವಿಷಯ ಬಂದಾಗಲೆಲ್ಲ ನಾವು “ಗುರಿ” ಎಂಬ ಪದ ಬಳಸುತ್ತೇವೆ. ಶಾಲೆಯ ಗೋಡೆಯ ಮೇಲೂ ಬರೆದಿರುತ್ತಾರೆ. ಗುರಿ ಎಂದರೆ ಬಾಣ ಬಿಡುವವನ ಮಾತು. ದೂರದಲ್ಲಿ ಒಂದಿದೆ, ಅಲ್ಲಿಗೆ ಮುಟ್ಟಬೇಕು, ಮುಟ್ಟದಿದ್ದರೆ ಸೋತೆ ಎಂದರ್ಥ. ನೌಕರಿಗೆ, ಪರೀಕ್ಷೆಗೆ, ಒಕ್ಕೂಟದ ಹಾಲು ಶೇಖರಣೆಗೆ ಈ ಮಾತು ಒಪ್ಪುತ್ತದೆ. ಇಡೀ ಬದುಕಿಗೆ ಒಪ್ಪುವುದಿಲ್ಲ ಎಂದು ನನ್ನ ಅಭಿಪ್ರಾಯ. ಗುರಿ ಮುಟ್ಟಿದವನಿಗೆ ಮರುದಿನದಿಂದ ಏನು? ಮುಟ್ಟಲಾಗದವನಿಗೆ ಏನು?

ಇದಕ್ಕಿಂತ ಹಳೆಯದಾದ, ನಮ್ಮದೇ ಆದ ಇನ್ನೊಂದು ಮಾತಿದೆ. ಅದು ಕಾಯಕ. 12ನೆಯ ಶತಮಾನದ ಶರಣರಲ್ಲಿ ತುರುಗಾಹಿ ರಾಮಣ್ಣ ಎಂಬುವರು ಇದ್ದರು. ತುರು ಎಂದರೆ ದನ, ತುರುಗಾಹಿ ಎಂದರೆ ದನ ಕಾಯುವವನು. ಅವರ ಕಾಯಕ ಅದೇ. ವಚನಗಳಲ್ಲಿ ಅವರ ಅಂಕಿತ ‘ಗೋಪತಿನಾಥ ವಿಶ್ವೇಶ್ವರಲಿಂಗ’. ದೇವರ ಹೆಸರಿನಲ್ಲೂ ಗೋವು ಬಂತು ನೋಡಿ. ಅವರು ದನ ಕಾಯುವುದನ್ನು ಬಿಟ್ಟು ದೊಡ್ಡವರಾಗಲಿಲ್ಲ, ಕಾಯುತ್ತಲೇ ಕಂಡದ್ದನ್ನು ವಚನವಾಗಿ ಹೇಳಿದರು. ಎಂಟುನೂರು ವರ್ಷ ದಾಟಿದರೂ ಅವರ ಹೆಸರಿನ ಜೊತೆಗೆ ಆ ಕಸುಬು ಉಳಿದಿದೆ. ನಮ್ಮ ಊರುಗಳಲ್ಲಿ ಓದಿನಲ್ಲಿ ಹಿಂದೆ ಬಿದ್ದ ಹುಡುಗನಿಗೆ “ದನಾ ಕಾಯಾಕ ಹೋಗು” ಎಂದು ಬೈಯುತ್ತೇವೆ. ಹಾಲಿನ ಸಂಘದ ಸದಸ್ಯರಾದ ನಾವಾದರೂ ಆ ಬೈಗುಳ ಬಿಡಬಹುದಿತ್ತು!

ಕಾಯಕ ಎಂಬ ಮಾತಿನೊಳಗೆ ಇನ್ನೊಬ್ಬರಿದ್ದಾರೆ. ನಾನು ಏನಾಗಬೇಕು ಎಂಬುದಕ್ಕಿಂತ ಮುಂಚೆ ನನ್ನಿಂದ ಯಾರಿಗೆ ಏನಾಗಬೇಕಿದೆ ಎಂಬ ಪ್ರಶ್ನೆ ಅದರಲ್ಲಿದೆ. ಹೀಗೆ ಕೇಳಿಕೊಂಡರೆ ಉತ್ತರ ಕೂತಲ್ಲಿಂದ ಕೈಗೆಟಕುವಷ್ಟು ಹತ್ತಿರ ಬರುತ್ತದೆ. ಇದಕ್ಕೆ ನಮ್ಮ ಹಾಲಿನ ಕಸುಬಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ.

ಡಾ. ವರ್ಗೀಸ್ ಕುರಿಯನ್ ಅವರ ಭಾವಚಿತ್ರ ಎಷ್ಟೋ ಸಂಘಗಳಲ್ಲಿದೆ. ಅವರ ಜನ್ಮದಿನವಾದ ನವೆಂಬರ್ 26ನ್ನು 2014ರಿಂದ ರಾಷ್ಟ್ರೀಯ ಹಾಲು ದಿನವೆಂದು ಆಚರಿಸುತ್ತಿದ್ದೇವೆ. ಫೋಟೋ ನೋಡಿದರೆ ಹುಟ್ಟಿನಿಂದಲೇ ಹಾಲಿಗಾಗಿ ಪಣ ತೊಟ್ಟು ಬಂದವರೇನೋ ಅನ್ನಿಸುತ್ತದೆ. ನಿಜ ಸಂಗತಿ ಬೇರೆ. 1921ರಲ್ಲಿ ಕೋಳಿಕ್ಕೋಡಿನಲ್ಲಿ ಹುಟ್ಟಿದ ಅವರು ಓದಿದ್ದು ಭೌತಶಾಸ್ತ್ರ ಮತ್ತು ಯಂತ್ರಶಿಲ್ಪ. ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಇದ್ದರು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದು ಡೇರಿ ಶಿಕ್ಷಣಕ್ಕೆ, ಅವರ ಮನಸ್ಸು ಇದ್ದದ್ದು ಲೋಹಶಾಸ್ತ್ರದ ಕಡೆ. ಅಮೆರಿಕದಲ್ಲಿ ಓದಿ ಬಂದ ಮೇಲೆ ವಿದ್ಯಾರ್ಥಿವೇತನದ ಕರಾರಿನಂತೆ ಗುಜರಾತಿನ ಆನಂದ್‌ನಲ್ಲಿದ್ದ ಸರ್ಕಾರಿ ಕ್ರೀಮರಿಗೆ ಅವರನ್ನು ಕಳಿಸಿದರು. 1949ರ ಮೇ 13ರಂದು ಅವರು ಅಲ್ಲಿ ಇಳಿದರು. ಹೊರಗಿನವರು, ಒಂಟಿ, ಮಾಂಸಾಹಾರಿ ಎಂದು ಬಾಡಿಗೆಗೆ ಮನೆ ಸಿಗದೆ ಒಂದು ಗ್ಯಾರೇಜಿನಲ್ಲಿ ವಾಸ. ಕಚೇರಿಯಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. ನನ್ನನ್ನು ಇಲ್ಲಿಂದ ಬಿಡುಗಡೆ ಮಾಡಿ ಎಂದು ದೆಹಲಿಗೆ ಬರೆಯುತ್ತಲೇ ಇದ್ದರು.

ಅದೇ ಊರಿನಲ್ಲಿ ರೈತರ ಒಂದು ಸಣ್ಣ ಸಹಕಾರಿ ಒಕ್ಕೂಟವಿತ್ತು. ದಲ್ಲಾಳಿಗಳ ಕಾಟಕ್ಕೆ ಬೇಸತ್ತ ಖೇಡಾ ಜಿಲ್ಲೆಯ ರೈತರು 15 ದಿನ ಹಾಲು ಕೊಡದೆ ಮುಷ್ಕರ ಹೂಡಿದ ಮೇಲೆ 1946ರ ಡಿಸೆಂಬರ್‌ನಲ್ಲಿ ನೋಂದಣಿಯಾದದ್ದು. ಅದರ ಅಧ್ಯಕ್ಷರು ತ್ರಿಭುವನದಾಸ್ ಪಟೇಲರು. ಒಕ್ಕೂಟದ ಯಂತ್ರಗಳು ಹಳೆಯವು, ಪದೇ ಪದೇ ಕೆಡುತ್ತಿದ್ದವು. ಪಟೇಲರು ಬಂದು ಕರೆದಾಗಲೆಲ್ಲ ಕುರಿಯನ್ ಹೋಗಿ ರಿಪೇರಿ ಮಾಡಿಕೊಟ್ಟು ಬರುತ್ತಿದ್ದರು. ಕೊನೆಗೂ ರಾಜೀನಾಮೆ ಅಂಗೀಕಾರವಾಯಿತು, ಗಂಟುಮೂಟೆ ಕಟ್ಟಿದರು. ಆಗ ಪಟೇಲರು, ಹೊಸ ಯಂತ್ರ ಕೂಡಿಸಿ ಕೊಡುವವರೆಗಾದರೂ ಇರಿ ಎಂದು ಕೇಳಿಕೊಂಡರು. ಸ್ವಲ್ಪ ದಿನ ಎಂದು ಒಪ್ಪಿದವರು 2012ರ ಸೆಪ್ಟೆಂಬರ್ 9ರಂದು ತೀರಿಕೊಳ್ಳುವವರೆಗೂ ಆನಂದ್‌ನವರಾಗಿಯೇ ಉಳಿದರು. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲದಲ್ಲಿ ಅವರ ಗೆಳೆಯ ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದರು, 1955ರಲ್ಲಿ ಅಲ್ಲಿ ಕಾರ್ಖಾನೆ ಎದ್ದಿತು. ಆ ಮಾದರಿಯೇ 1974ರಲ್ಲಿ ನಮ್ಮ ರಾಜ್ಯಕ್ಕೆ ಬಂದು, ಮುಂದೆ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಅಂದಹಾಗೆ ಕುರಿಯನ್ ಅವರಿಗೆ ಹಾಲು ಕುಡಿಯುವ ಅಭ್ಯಾಸವಿರಲಿಲ್ಲವಂತೆ. ಅದನ್ನು ಅವರೇ ಹೇಳಿಕೊಳ್ಳುತ್ತಿದ್ದರು.

ಇಲ್ಲಿ ನಾನು ಗಮನಿಸುವ ಸಂಗತಿ ಒಂದು. ಕುರಿಯನ್ ಬಾಳಿನ ಅರ್ಥ ಹುಡುಕಿಕೊಂಡು ಆನಂದ್‌ಗೆ ಹೋದವರಲ್ಲ. ಅಲ್ಲಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದವರು. ಕೆಟ್ಟ ಯಂತ್ರವೊಂದಿತ್ತು, ಅವರಿಗೆ ಯಂತ್ರ ತಿಳಿದಿತ್ತು, ಕೇಳುವವರೊಬ್ಬರು ಬಂದು ಕೇಳಿದರು. ಈ ಮೂರೂ ಕೂಡಿದ್ದರಿಂದ ಉಳಿದರು. ನಾವು ಮೊದಲೆರಡನ್ನೇ ಲೆಕ್ಕ ಹಾಕುತ್ತೇವೆ, ಮೂರನೆಯದನ್ನು ಮರೆಯುತ್ತೇವೆ. ತ್ರಿಭುವನದಾಸರು ಸಂಕೋಚಪಟ್ಟು ಕೇಳದೆ ಇದ್ದಿದ್ದರೆ ಕುರಿಯನ್ ಎಲ್ಲಿರುತ್ತಿದ್ದರೋ ಯಾರು ಬಲ್ಲರು.

ನನ್ನದೇ ಮಾತು ಹೇಳುವುದಾದರೆ, ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ನಮ್ಮ ತರಗತಿಯ ಬಹುಪಾಲು ಹುಡುಗರು ಮನುಷ್ಯರ ಡಾಕ್ಟರಾಗಲು ಹೋಗಿ ಸೀಟು ಸಿಗದೆ ಬಂದವರು. ನಾನೂ ಅವರಲ್ಲೊಬ್ಬ. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ಒಂದು ರಾತ್ರಿ ಕರು ಅಡ್ಡಬಿದ್ದ ಎಮ್ಮೆಯೊಂದನ್ನು ನೋಡಲು ಕರೆ ಬಂತು. ಲಾಟೀನು ಹಿಡಿದ ಅಜ್ಜಿ, ಹಗ್ಗ ಹಿಡಿದ ಮೊಮ್ಮಗ, ಹೆಗಲತನಕ ಕೈ ಹಾಕಿಕೊಂಡು ಕೆಸರಿನಲ್ಲಿ ಮಲಗಿದ ನಾನು. ಎರಡು ಗಂಟೆಯ ಮೇಲೆ ಕರು ಬಂತು, ಜೀವಂತ. ಅಜ್ಜಿ ನನ್ನ ಕೈ ತೊಳೆಯಲು ಬಿಸಿನೀರು ಹಾಕುತ್ತಾ, “ನೀ ಇರದಿದ್ರ ಇವತ್ತು ನಮ್ಮನಿ ಮುಳುಗಿತ್ತು ನೋಡಪಾ” ಎಂದಳು. ಸೀಟು ಸಿಗದ ನೋವು ಆ ದಿನವೇ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅದನ್ನು ನೆನೆಯುವುದು ಕಡಿಮೆಯಾಗುತ್ತಾ ಬಂತು.

ಈಗ ಮೊದಲನೆಯ ಯಜಮಾನರ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ವಯಸ್ಸಾದವರಿಗೆ ವಿಶ್ರಾಂತಿ ಕೊಡುವುದೇ ಗೌರವ ಎಂದು ತಿಳಿದಿದ್ದೇವೆ. ಪರದೇಶದ ಒಂದು ಸಂಗತಿ ಕೇಳಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನ್ಯೂ ಬರ್ಲಿನ್ ಎಂಬ ಸಣ್ಣ ಊರಿದೆ. ಅಲ್ಲಿನ ಚೇಸ್ ಮೆಮೋರಿಯಲ್ ಎಂಬ ವೃದ್ಧಾಶ್ರಮಕ್ಕೆ 1991ರಲ್ಲಿ ಬಿಲ್ ಥಾಮಸ್ ಎಂಬ ಯುವ ವೈದ್ಯರು ಬಂದರು. ಊಟ, ಔಷಧ, ಹಾಸಿಗೆ ಎಲ್ಲವೂ ಚೆನ್ನಾಗಿದ್ದವು. ಆದರೂ ಅಲ್ಲಿದ್ದ ಸುಮಾರು 80 ಮಂದಿ ಮುದುಕರ ಮುಖದಲ್ಲಿ ಜೀವಕಳೆ ಇರಲಿಲ್ಲ. ವೈದ್ಯರು ಕಾಯಿದೆ ಸಡಿಲಿಸಿಕೊಂಡು ಎರಡು ನಾಯಿ, ನಾಲ್ಕು ಬೆಕ್ಕು, ನೂರು ಗಿಳಿಮರಿಗಳನ್ನು ಒಳಗೆ ತಂದುಬಿಟ್ಟರು! ಹೆಂಡತಿ ತೀರಿಕೊಂಡ ಮೇಲೆ ಬದುಕೇ ಬೇಡವೆಂದು ಊಟ ಬಿಟ್ಟು ಮಲಗಿದ್ದ ಒಬ್ಬ ಹಿರಿಯರ ಕೋಣೆಗೂ ಒಂದು ಜೋಡಿ ಹಕ್ಕಿ ಬಂದವು. ಮೊದಲು ಅವರು ಹೊರಳಿ ನೋಡಿದರು. ಆಮೇಲೆ ಹಕ್ಕಿ ಏನು ತಿಂದವು, ಹೇಗಿವೆ ಎಂದು ಸಿಬ್ಬಂದಿಗೆ ವರದಿ ಹೇಳತೊಡಗಿದರು. ಮೂರು ತಿಂಗಳಲ್ಲಿ ಎದ್ದು ತಮ್ಮ ಮನೆಗೇ ಮರಳಿದರು. ಅತುಲ್ ಗವಾಂಡೆ ಎಂಬ ಶಸ್ತ್ರವೈದ್ಯರು 2014ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಹತ್ತಿರದ ಇನ್ನೊಂದು ವೃದ್ಧಾಶ್ರಮಕ್ಕೆ ಹೋಲಿಸಿದಾಗ ಇಲ್ಲಿ ಔಷಧದ ಬಳಕೆ ಅರ್ಧಕ್ಕೆ ಇಳಿಯಿತು, ಸಾವಿನ ಪ್ರಮಾಣ ಶೇ. 15ರಷ್ಟು ಕಡಿಮೆಯಾಯಿತು ಎಂಬ ಲೆಕ್ಕವನ್ನೂ ಕೊಟ್ಟಿದ್ದಾರೆ. ಒಂದು ಮನೆಯ ಲೆಕ್ಕದಿಂದ ದೊಡ್ಡ ಸಿದ್ಧಾಂತ ಕಟ್ಟಬಾರದು, ಒಪ್ಪುತ್ತೇನೆ. ಆದರೂ ಯೋಚಿಸಿ. ಅವರು ನಿಯಮ ಸಡಿಲಿಸಿ ಹಕ್ಕಿ ತಂದರು. ನಮ್ಮಲ್ಲಿ ಕೊಟ್ಟಿಗೆ ಮನೆಯೊಳಗೇ ಇದೆ, ಹಿರಿಯರನ್ನು ನಾವೇ ಅದರಿಂದ ದೂರ ಕೂಡಿಸಿದ್ದೇವೆ.

ಆ ಯಜಮಾನರ ಮನೆಯಲ್ಲಿ ಒಂದು ಎಮ್ಮೆ ಕರು ಹಾಕಿ ಎಂಟು ತಿಂಗಳಾದರೂ ಗಬ್ಬ ನಿಂತಿರಲಿಲ್ಲ. ಮಾರುವ ಮಾತು ನಡೆದಿತ್ತು. ನಾನು ಪರೀಕ್ಷಿಸಿದೆ, ಗರ್ಭಕೋಶದಲ್ಲಿ ದೋಷವಿರಲಿಲ್ಲ. ಬೆದೆ ಬರುತ್ತಿತ್ತು, ನೋಡುವವರಿರಲಿಲ್ಲ. ಇದು ಈ ಮನೆಯೊಂದರ ಕಥೆಯಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಕಳಾಗಲಿ ಎಮ್ಮೆಯಾಗಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರುವುದು ಹೆಚ್ಚೆಂದರೆ ಒಂದು ಹಗಲೋ ಒಂದು ರಾತ್ರಿಯೋ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಆಕಳು ಕೂಗುತ್ತದೆ, ಬೇರೆ ದನದ ಮೇಲೆ ಹಾರುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಎಮ್ಮೆ ಹಾಗಲ್ಲ. ಅದು ಗುಟ್ಟಿನ ಪ್ರಾಣಿ, ಬೇಸಿಗೆಯಲ್ಲಂತೂ ಮೂಗ ಬೆದೆ. ರಾತ್ರಿ ಹೊತ್ತು, ನಸುಕಿನಲ್ಲಿ ಮಾತ್ರ ಚಿಹ್ನೆ ತೋರುತ್ತದೆ. ಮಲಗಿದಾಗ ದಾರದಂತೆ ಇಳಿಯುವ ತಿಳಿ ಲೋಳೆ, ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಮೂತ್ರ, ಮೇವಿನ ಮೇಲೆ ನಿರಾಸಕ್ತಿ, ಆ ಹೊತ್ತಿನ ಹಾಲಿನಲ್ಲಿ ಇಳಿತ. ಒಮ್ಮೆ ತಪ್ಪಿದರೆ 21 ದಿನ ಹೋಯಿತು. ಮೂರು ಸಲ ತಪ್ಪಿದರೆ ಎರಡು ತಿಂಗಳ ಮೇವು, ಹಿಂಡಿ ಎಲ್ಲ ನಷ್ಟದ ಬಾಬ್ತು.

ದುಡಿದು ದಣಿದ ಮಕ್ಕಳು ನಸುಕಿನಲ್ಲಿ ಏಳಲಾರರು. ಯಜಮಾನರಿಗೆ ಹೇಗೂ ರಾತ್ರಿ ನಿದ್ದೆ ಬರುವುದಿಲ್ಲ. ಈ ಕೆಲಸಕ್ಕೆ ನಿದ್ದೆ ಬಾರದಿರುವುದೇ ವಿದ್ಯಾರ್ಹತೆ! ಜೊತೆಗೆ ಐವತ್ತು ವರ್ಷ ಎತ್ತು ನೋಡಿದ ಕಣ್ಣು. “ಅಜ್ಜಾ, ಈ ಎಮ್ಮಿ ಇನ್ಮ್ಯಾಲೆ ನಿಮ್ಮ ಜವಾಬ್ದಾರಿ. ನೀವು ಹೇಳಿದಾಗ ನಾನು ಬರ್ತೀನಿ, ನಿಮ್ಮ ಮಗ ಹೇಳಿದ್ರ ಬರಲ್ಲ” ಎಂದೆ. ಅವರಿಗೆ ಓದು ಬರಹ ಬಾರದು. ದಿನಕ್ಕೊಂದರಂತೆ ಗ್ವಾದಲಿಯ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದರು. ಹದಿನೇಳನೆಯ ಗೆರೆಯ ದಿನ ನಸುಕಿನ ಐದಕ್ಕೆ ಸೊಸೆಯ ಫೋನಿನಿಂದ ನನಗೆ ಕರೆ ಬಂತು. ಅವರು ಹೇಳಿದ್ದು ಸರಿಯಾಗಿತ್ತು. ಎಮ್ಮೆ ಈಗ ಐದು ತಿಂಗಳ ಗಬ್ಬ. ಪಕ್ಕದ ಮನೆಯವರೂ ತಮ್ಮ ಎಮ್ಮೆ ತೋರಿಸಲು ಅವರನ್ನು ಕರೆಯುತ್ತಾರೆ. ಮೊನ್ನೆ ಹೋದಾಗ ನಾನೇ ಅವರ ಪಡಸಾಲೆಯಲ್ಲಿ ಕಾಯಬೇಕಾಯಿತು.

ಒಂದು ಎಚ್ಚರಿಕೆ. ಹೊತ್ತು ಹೋಗಲಿ ಎಂದು ಕೊಡುವ ಕೆಲಸ ಹಿರಿಯರಿಗೆ ತಕ್ಷಣ ತಿಳಿಯುತ್ತದೆ. ಮಾಡದಿದ್ದರೂ ನಡೆಯುವ ಕೆಲಸವನ್ನು ಕೊಡಬೇಡಿ. ಅವರು ಮಾಡದಿದ್ದರೆ ನಿಜವಾಗಿ ನಷ್ಟವಾಗುವಂಥದ್ದನ್ನು ಕೊಡಿ, ತೀರ್ಮಾನವನ್ನೂ ಅವರಿಗೇ ಬಿಡಿ. ಹುಟ್ಟಿದ ಕರುವಿಗೆ ಗಿಣ್ಣು ಹಾಲು ಕುಡಿಸುವುದು ಅಂಥ ಇನ್ನೊಂದು ಕೆಲಸ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಒಂದು ದಿನ ಕಳೆದರೆ ಕರುಳು ಅದನ್ನು ಹೀರುವುದು ನಿಲ್ಲಿಸುತ್ತದೆ. ಹುಟ್ಟಿದ ಮೊದಲ ಗಂಟೆಯಲ್ಲೇ ಶುರುಮಾಡಿ, 25 ಕಿಲೋ ತೂಗುವ ಕರುವಿಗೆ ದಿನಕ್ಕೆ ಎರಡೂವರೆ ಲೀಟರಿನಂತೆ ಕೊಡಬೇಕು. ಮಾಸು ಬೀಳಲಿ ಎಂದು ಕಾಯುವುದು ತಪ್ಪು ತಿಳಿವಳಿಕೆ. ಮನೆಯಲ್ಲಿ ಕೂತಿರುವ ಅಜ್ಜಿಯರಿಗಿಂತ ಈ ಕೆಲಸ ಚೆನ್ನಾಗಿ ಮಾಡುವವರು ಯಾರಿದ್ದಾರೆ?

ಇನ್ನೊಂದು ಸಂಗತಿಯನ್ನು ವೈದ್ಯನಾಗಿ ಹೇಳಲೇಬೇಕು. ನಿಮ್ಮ ಆಕಳು ಬೆಳಿಗ್ಗೆ ಮೇವು ಬಿಟ್ಟರೆ ಮಧ್ಯಾಹ್ನದೊಳಗೆ ನನಗೆ ಫೋನು ಬರುತ್ತದೆ. ಮನೆಯ ಹಿರಿಯರೋ ಹುಡುಗರೋ ಹದಿನೈದು ದಿನದಿಂದ ಸರಿಯಾಗಿ ಊಟ, ನಿದ್ದೆ ಬಿಟ್ಟಿದ್ದರೆ, “ಇದ್ದರೂ ಅಷ್ಟೇ, ಹೋದರೂ ಅಷ್ಟೇ” ಎನ್ನುತ್ತಿದ್ದರೆ, ಯಾರಿಗೂ ಫೋನು ಹೋಗುವುದಿಲ್ಲ. ಅದು ಬರೀ ಬೇಸರವಲ್ಲದೆ ಕಾಯಿಲೆಯೂ ಆಗಿರಬಹುದು. ಕೆಲಸ ಕೊಟ್ಟರೆ ವಾಸಿಯಾಗುತ್ತದೆಂದು ಕಾಯಬೇಡಿ, ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರಿಂದ ಸರ್ಕಾರ ಟೆಲಿ-ಮಾನಸ್ ಎಂಬ ಸೇವೆ ನಡೆಸುತ್ತಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ಖರ್ಚಿಲ್ಲ. ಈ ಸಂಖ್ಯೆಯನ್ನು ಹಾಲಿನ ಪಾಸ್‌ಪುಸ್ತಕದ ಹಿಂಬದಿಗೆ ಬರೆದಿಟ್ಟುಕೊಳ್ಳಿ.

ಇನ್ನು ಹುಡುಗನ ವಿಷಯ. ಪರೀಕ್ಷೆ ಬಿಟ್ಟು ಎಮ್ಮೆ ಕಟ್ಟು ಎಂದು ನಾನು ಅವನಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ಎರಡೆಕರೆ ಮಳೆಯಾಶ್ರಿತ ಹೊಲದಲ್ಲಿ ಅಪ್ಪ ಗುಳೆ ಹೋಗಿ ದುಡಿದದ್ದನ್ನು ನೋಡಿ ಬೆಳೆದ ಮಗ ಸಂಬಳದ ನೌಕರಿ ಬಯಸಿದರೆ ಅದರಲ್ಲಿ ತಪ್ಪೇನಿದೆ? ಆದರೆ ಅವನ ಬಗ್ಗೆ ನನಗೊಂದು ನೆನಪಿದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ತುಂಬ ಹರಡಿದಾಗ ನಮಗೆ ಊರೂರು ತಿರುಗಲು ಕೈ ಸಾಲುತ್ತಿರಲಿಲ್ಲ. ಆಗ ಈ ಹುಡುಗ ಯಾರೂ ಹೇಳದೆ ನೋಟ್‌ಬುಕ್ ಹಿಡಿದು ತನ್ನ ಓಣಿಗಳ ದನಗಳನ್ನೆಲ್ಲ ಎಣಿಸಿದ. ಯಾವುದಕ್ಕೆ ಲಸಿಕೆಯಾಗಿದೆ, ಯಾವುದಕ್ಕಿಲ್ಲ, ಯಾವುದರ ಮೈಮೇಲೆ ಗಂಟು ಎದ್ದಿದೆ ಎಂದು ಪಟ್ಟಿ ಮಾಡಿ ತಂದುಕೊಟ್ಟ. ನೊಣ, ಸೊಳ್ಳೆ, ಉಣ್ಣೆಗಳಿಂದ ರೋಗ ಹರಡುತ್ತದೆ ಎಂದು ಹೇಳಿದ್ದಕ್ಕೆ ಗೆಳೆಯರನ್ನು ಕಟ್ಟಿಕೊಂಡು ತಿಪ್ಪೆಗಳ ಸುತ್ತ ಔಷಧ ಹೊಡೆದ. ಆ ಎರಡು ತಿಂಗಳು ಅವನನ್ನು ಚಹಾದಂಗಡಿಯಲ್ಲಿ ಕಂಡವರಿಲ್ಲ. ರೋಗ ಇಳಿಯಿತು, ಹುಡುಗ ಹಿಂದಿನ ಜಾಗಕ್ಕೇ ಹೋಗಿ ಕೂತ.

ಯಾಕೆ ಕೂತ? ಮತ್ತೆ ಯಾರೂ ಅವನನ್ನು ಕರೆಯಲಿಲ್ಲ. ಈ ಮಾತನ್ನು ಆಡಳಿತ ಮಂಡಳಿಯವರು ದಯವಿಟ್ಟು ಕೇಳಿಸಿಕೊಳ್ಳಬೇಕು. ನಮ್ಮ ಸಂಘಗಳಲ್ಲಿ ಹುಡುಗರನ್ನು ನೆನೆಯುವುದು ಸರ್ವಸದಸ್ಯರ ಸಭೆಗೆ ಕುರ್ಚಿ ಹಾಕಿಸುವಾಗ ಮಾತ್ರ. ಫ್ಯಾಟ್ ಮತ್ತು ಎಸ್.ಎನ್.ಎಫ್. ಲೆಕ್ಕ ಅರ್ಥವಾಗದೆ ದರದ ಬಗ್ಗೆ ಸಂಶಯಪಡುವ ಸದಸ್ಯರು ಎಷ್ಟಿದ್ದಾರೆ? ಅದನ್ನು ಮನೆಮನೆಗೆ ಹೋಗಿ ವಿವರಿಸಲು ಒಬ್ಬ ಬಿ.ಎ. ಆದವನು ಸಾಕು. ವಿಮೆಯ ಅರ್ಜಿ ತುಂಬುವುದು, ಕಿವಿಯೋಲೆಯ ಸಂಖ್ಯೆ ಬರೆದಿಡುವುದು, ಜಂತುನಾಶಕ ಕೊಡುವ ದಿನ ನೆನಪಿಸುವುದು, ಇವೆಲ್ಲ ಬಿದ್ದಿವೆ. ಇಷ್ಟವಿದ್ದವರಿಗೆ ಕೃತಕ ಗರ್ಭಧಾರಣೆ ಕಾರ್ಯಕರ್ತರ ತರಬೇತಿಯೂ ಇದೆ. ಇದರಿಂದ ಅವನ ಮುಂದಿನ ಪರೀಕ್ಷೆಗೆ ತೊಂದರೆಯಿಲ್ಲ. ದಿನಕ್ಕೆ ಎರಡು ಗಂಟೆ ಊರಿಗೆ ಬೇಕಾದವನಾಗಿ ಬಂದು ಓದಲು ಕೂತವನ ಮನಸ್ಸು ಬೇರೆಯಾಗಿರುತ್ತದೆ. ಇಷ್ಟಾದರೂ ಅವನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತೆಂದು ನಾನು ಹೇಳಲಾರೆ. ಸಂಬಳವಿಲ್ಲದ ಗೌರವ ಎಷ್ಟು ದಿನ ಹೊಟ್ಟೆ ತುಂಬೀತು? ಸಂಘದ ಲಾಭದಲ್ಲಿ ಇಂಥವರಿಗೆ ಗೌರವಧನ ಕೊಡಲು ಬೈಲಾದಲ್ಲಿ ಅವಕಾಶವಿದೆಯೇ ಎಂದು ನೋಡಿ, ನಿರ್ಣಯ ಮಾಡಬೇಕಾದವರು ಮಂಡಳಿಯವರು.

ತಾಯಿಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಅವರಿಂದ ಯಾರಿಗೆ ಏನಾಗಬೇಕೆಂದು ಕೇಳಿದರೆ ಪಟ್ಟಿ ಮುಗಿಯುವುದಿಲ್ಲ. ಗಂಡನಿಗೆ, ಅತ್ತೆಗೆ, ಮೂರು ದನಕ್ಕೆ, ಸಂಘಕ್ಕೆ ಎಲ್ಲರಿಗೂ ಬೇಕು. ಅವರ ಕೊರತೆ ಬೇರೆ. ಮೂರೂ ದನ ನೋಡಿಕೊಳ್ಳುವವರು ಅವರು, ಸದಸ್ಯತ್ವ ಗಂಡನ ಹೆಸರಿನಲ್ಲಿ, ಬಟವಾಡೆ ಗಂಡನ ಖಾತೆಗೆ, ಸಭೆಗೆ ಬರುವವರೂ ಗಂಡನೇ. ಅವರು ಹಿಂಡಿದ ಹಾಲು ಬಿ.ಎಂ.ಸಿ. ತೊಟ್ಟಿಗೆ ಬಿದ್ದ ಮೇಲೆ ಏನಾಯಿತು ಎಂಬುದನ್ನು ಯಾರೂ ಅವರಿಗೆ ಹೇಳಿಲ್ಲ. ನಾನು ಕ್ಷೀರಭಾಗ್ಯದ ವಿಷಯ ಹೇಳಿದೆ. 2013ರ ಆಗಸ್ಟ್ 1ರಿಂದ ರಾಜ್ಯದ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಕೊಡುತ್ತಿರುವುದು, ಅದಕ್ಕೆ ಬೇಕಾದ ಹಾಲಿನ ಪುಡಿ ಒಕ್ಕೂಟಗಳಿಗೆ ಸೇರುವ ನಿಮ್ಮಂಥವರ ಹಾಲಿನಿಂದಲೇ ಆಗುವುದು, ನಿಮ್ಮ ಮೊಮ್ಮಗಳು ಕುಡಿಯುವ ಲೋಟದಲ್ಲಿ ನಿಮ್ಮ ದುಡಿಮೆಯೂ ಇದೆ ಎಂದು ವಿವರಿಸಿದೆ. ಅವರು ಸಮಾಧಾನವಾಗಿ ಕೇಳಿದರು. ಆಮೇಲೆ, “ಅದು ಖರೇ ಸರ್. ಆದ್ರ ನನಗ ಒಂದಿನ ಸೂಟಿ ಯಾರು ಕೊಡ್ತಾರ?” ಎಂದರು.

ನಾಲ್ಕು ವರ್ಷದಿಂದ ಮೈಲಾರದ ಜಾತ್ರೆಗೆ ಹೋಗಬೇಕೆಂದಿದ್ದಾರೆ. ಮೈಲಾರವೇನು ಕಾಶಿಯೇ? ನಮ್ಮ ತಾಲ್ಲೂಕಿನಲ್ಲೇ ಇದೆ. ಆದರೆ ಮಿಶ್ರತಳಿ ಆಕಳು ಅವರ ಕೈಗಲ್ಲದೆ ಹಾಲು ಬಿಡುವುದಿಲ್ಲ, ಗಂಡನಿಗೆ ಹಿಂಡಲು ಬರುವುದಿಲ್ಲ. ಬೇಕಾದವರಾಗಿರುವುದೇ ಅವರಿಗೆ ಕಣ್ಣಿ ಹಗ್ಗವಾಗಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ನಿಮಗೆಲ್ಲ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೆ ಬೇಡ, ಹಿಂದಕ್ಕೆ ಸುರಿದು ಬನ್ನಿ ಎಂದವರು ಲಕ್ಕಮ್ಮ. ಗಂಡ ಕೇಳಿದ. ಆ ಮನೆಯ ಕಾಯಕದಲ್ಲಿ ಹೆಂಡತಿಯ ಪಾಲು ದುಡಿಮೆಯಷ್ಟೇ ಆಗಿರಲಿಲ್ಲ, ಹೇಗೆ, ಎಷ್ಟು ಎಂಬ ತೀರ್ಮಾನವೂ ಆಕೆಯದಾಗಿತ್ತು. ತೀರ್ಮಾನದ ಪಾಲು ಕೊಡದೆ ದುಡಿಮೆಯ ಪಾಲು ಮಾತ್ರ ಕೊಟ್ಟು ಅದನ್ನು ಕಾಯಕ ಎಂದು ಹೊಗಳುವುದು ನನಗೆ ಸರಿಕಾಣುವುದಿಲ್ಲ.

ಆದ್ದರಿಂದ ಈ ಸಭೆಯಲ್ಲಿರುವ ಗಂಡಸರಿಗೆ ಎರಡು ಮಾತು. ಹಾಲು ಹಿಂಡುವುದನ್ನು ಕಲಿಯಿರಿ. ಆಕಳಿಗೆ ನಿಮ್ಮ ಕೈ ರೂಢಿಯಾಗಲು ಕೆಲವು ದಿನ ಬೇಕು. ಮೊದಲು ಮೇವು ಹಾಕಿ, ಮೈ ಸವರಿ, ಅವರು ಹಿಂಡುವಾಗ ಪಕ್ಕದಲ್ಲಿ ಕೂತು ಒಂದು ಮೊಲೆಯಿಂದ ಶುರುಮಾಡಿ. ಉಗುರು ಕತ್ತರಿಸಿಕೊಂಡಿರಿ. ಹೆಬ್ಬೆರಳು ಮಡಚಿ ಹಿಂಡಬೇಡಿ, ತೊಟ್ಟಿಗೆ ಗಾಯವಾಗಿ ಕೆಚ್ಚಲುಬಾವಿಗೆ ದಾರಿಯಾಗುತ್ತದೆ, ಮುಷ್ಟಿಯಿಂದ ಹಿಂಡಿ. ಎರಡನೆಯದು, ದನ ನೋಡಿಕೊಳ್ಳುವವರ ಹೆಸರಿಗೆ ಸದಸ್ಯತ್ವ ಮಾಡಿಸಿ. ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. 1986-87ರಲ್ಲಿ ಕೇಂದ್ರ ಸರ್ಕಾರ ಸ್ಟೆಪ್ ಯೋಜನೆ ತಂದ ಮೇಲೆ ನಮ್ಮ ರಾಜ್ಯದಲ್ಲಿ ಮಹಿಳೆಯರೇ ನಡೆಸುವ ಹಾಲಿನ ಸಂಘಗಳು ಬೆಳೆದವು. ಆ ಸಂಘಗಳಲ್ಲಿ ಲೆಕ್ಕ ಬರೆಯುವವರು, ಅಧ್ಯಕ್ಷತೆ ವಹಿಸುವವರು ಎಲ್ಲ ಹೆಂಗಸರೇ.

ಆ ತಾಯಿಯ ಯಜಮಾನರು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಭಾರತ ಹುಣ್ಣಿಮೆಗೆ ಇನ್ನೂ ಸಮಯವಿದೆ, ಅಷ್ಟರೊಳಗೆ ಕಲಿಯುತ್ತೇನೆಂದು ನಿನ್ನೆ ನನಗೆ ಮಾತು ಕೊಟ್ಟಿದ್ದಾರೆ. ಆಕಳು ಒಪ್ಪಬೇಕು, ಅಷ್ಟೇ.

ಕೊನೆಯದಾಗಿ ಒಂದು ಪ್ರಕಟಣೆ. ಮುಂದಿನ ತಿಂಗಳ ಮೊದಲ ವಾರ ಬ್ರೂಸೆಲ್ಲಾ, ಅಂದರೆ ಕಂದು ಹಾಕುವ ರೋಗದ ವಿರುದ್ಧ ಲಸಿಕೆ ಹಾಕಲು ಬರುತ್ತೇವೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಮ್ಮೆ ಹಾಕಿದರೆ ಸಾಕು. ಗಂಡು ಕರುಗಳಿಗೂ ಗಬ್ಬದ ದನಗಳಿಗೂ ಹಾಕುವಂತಿಲ್ಲ. ಓಣಿವಾರು ಕರುಗಳ ಪಟ್ಟಿ ಬೇಕು. ಪಟ್ಟಿ ಮಾಡಲು ಒಪ್ಪಿದ ಹುಡುಗರ ಹೆಸರನ್ನೂ, ಯಾವ ಮನೆಯಲ್ಲಿ ಬೆದೆ ನೋಡುವ ಜವಾಬ್ದಾರಿ ಯಾವ ಹಿರಿಯರದು ಎಂಬುದನ್ನೂ ಕಾರ್ಯದರ್ಶಿಗಳ ಬಳಿ ಈ ಸಂಜೆಯ ಹಾಲಿನ ಹೊತ್ತಿಗೆ ಬರೆಸಿ. ಇನ್ನು ಮುಂದೆ ಫೋನು ಬಂದಾಗ ನಾನು ಆ ಹೆಸರಿನವರನ್ನೇ ಕೇಳುತ್ತೇನೆ.